ದಾರಿ ಮಧ್ಯೆ ಇನ್ನೊಂದು ದೇಶದ ವೀಸಾ: ಅರ್ಧ ಕೆಲಸ ತುಮಕೂರಿನಲ್ಲೇ ಮುಗಿಸಿ

ಬ್ಯಾಂಕಾಕ್‌ನ ಒಂದು ಎಂಬೆಸಿಯ ಕೌಂಟರ್ ಮುಂದೆ ನಿಂತಿದ್ದೆ. ಅವರು ಕೇಳಿದ ಕಾಗದ ತುಮಕೂರಿನ ನಮ್ಮ ಮನೆಯ ಬೀರುವಿನಲ್ಲಿತ್ತು.

ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಸರ್ಕಾರಿ ನೌಕರರು ಸ್ವಂತ ಕೆಲಸಕ್ಕೆ ವಿದೇಶಕ್ಕೆ ಹೋದರೂ ಇಲಾಖೆಯ ಅನುಮತಿ ಬೇಕು. ಅದನ್ನು ತೆಗೆದುಕೊಂಡಿದ್ದೆ. ರಜೆ ಮಂಜೂರಾದ ಪತ್ರವೂ ಇತ್ತು. ದಾರಿಯಲ್ಲಿ ಯಾರು ಕೇಳುತ್ತಾರೆ ಎಂದುಕೊಂಡು ಎರಡನ್ನೂ ಮನೆಯಲ್ಲೇ ಬಿಟ್ಟೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಮೊದಲು ಕೇಳಿದ್ದೇ ಅದನ್ನ: "ನೀವು ವಾಪಸ್ ಹೋಗಿ ಕೆಲಸಕ್ಕೆ ಸೇರುತ್ತೀರಿ ಅನ್ನೋದಕ್ಕೆ ಏನಿದೆ?" ಮನೆಯವರು ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರು. ಪತ್ರ ಮಡಿಕೆ ಬಿದ್ದಿತ್ತು, ಸಹಿಯ ಮೇಲೆ ನೆರಳಿತ್ತು. ಸರಿಯಾಗಿ ಸ್ಕ್ಯಾನ್ ಮಾಡಿದ ಪ್ರಿಂಟ್ ತನ್ನಿ ಎಂದು ವಾಪಸ್ ಕಳಿಸಿದರು. ಅವತ್ತು ಗುರುವಾರ. ಶುಕ್ರವಾರ ಆ ದೇಶದ ಹಬ್ಬಕ್ಕೆ ಎಂಬೆಸಿ ರಜೆ. ಆಮೇಲೆ ಶನಿವಾರ, ಭಾನುವಾರ. ಒಂದು ಕಾಗದಕ್ಕೆ ನಾಲ್ಕು ದಿನ ಹೋಯಿತು.

ನನ್ನ ಜೊತೆಗಿದ್ದವಳು ಅಕ್ಕ. ತಿಪಟೂರಿನ ಹತ್ತಿರ ತೆಂಗಿನ ತೋಟ ನೋಡಿಕೊಳ್ಳುವವಳು. ಅವಳಿಗೆ ಸಂಬಳದ ಚೀಟಿಯೂ ಇಲ್ಲ, ರಜೆ ಪತ್ರವೂ ಇಲ್ಲ. ಆದರೂ ಅವಳ ಕಾಗದಗಳು ಒಂದೇ ಸಲಕ್ಕೆ ಒಪ್ಪಿಗೆಯಾದವು. ಯಾಕೆಂದರೆ ಅವಳು ಊರಲ್ಲೇ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿಕೊಂಡು ಬಂದಿದ್ದಳು. ನಮ್ಮ ಕಡೆಯ ಜನ ಈಗ ಒಂದೇ ಪ್ರವಾಸದಲ್ಲಿ ಎರಡು ಮೂರು ದೇಶ ನೋಡುತ್ತಿದ್ದಾರೆ. ಮೊದಲ ದೇಶದಲ್ಲಿದ್ದುಕೊಂಡೇ ಮುಂದಿನ ದೇಶದ ವೀಸಾ ಕೇಳುವವರಿಗೆ ನಮ್ಮಿಬ್ಬರ ಅನುಭವ ಕೆಲಸಕ್ಕೆ ಬರಲಿ ಎಂದು ಇದನ್ನು ಬರೆದಿದ್ದೇನೆ.

ಎಂಬೆಸಿಗೆ ಹೋಗಲೇಬೇಕಾ?

ಮೊದಲು ಇದನ್ನು ನೋಡಿಕೊಳ್ಳಿ. ಎಷ್ಟೋ ದೇಶಗಳಿಗೆ ಈಗ ಎಂಬೆಸಿಯ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲ. ವಿಯೆಟ್ನಾಂ 2023ರ ಆಗಸ್ಟ್ 15ರಿಂದ ಎಲ್ಲ ದೇಶದವರಿಗೂ 90 ದಿನಗಳವರೆಗಿನ ಇ-ವೀಸಾ, ಅಂದರೆ ಆನ್‌ಲೈನ್‌ನಲ್ಲೇ ಸಿಗುವ ವೀಸಾ, ಕೊಡುತ್ತಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50 ಡಾಲರ್. ಹೋಟೆಲ್ ರೂಮಿನಲ್ಲಿ ಕೂತು ಮೊಬೈಲ್‌ನಲ್ಲೇ ಅರ್ಜಿ ಹಾಕಬಹುದು. ಇಂಡೋನೇಷ್ಯಾ ನಮ್ಮವರಿಗೆ ವಿಮಾನ ನಿಲ್ದಾಣದಲ್ಲೇ ವೀಸಾ ಕೊಡುತ್ತದೆ. ನಿಮ್ಮ ಪಾಸ್‌ಪೋರ್ಟಿನಲ್ಲಿ ಅಮೆರಿಕ, ಬ್ರಿಟನ್ ಅಥವಾ ಷೆಂಗೆನ್ (ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ) ವೀಸಾ ಚಾಲ್ತಿಯಲ್ಲಿದ್ದರೆ ಟರ್ಕಿಯ ಇ-ವೀಸಾಗೂ ಅರ್ಜಿ ಹಾಕಬಹುದು.

ಇ-ವೀಸಾ ಎಂದರೆ ನಕಲಿ ಸೈಟುಗಳ ಕಾಟವೂ ಇದೆ. ಹುಡುಕಿದಾಗ ಮೇಲೆ ಬರುವುದು ಬಹಳ ಸಲ ಜಾಹೀರಾತು. ಸೈಟಿನ ವಿಳಾಸದ ಕೊನೆಯನ್ನು ನೋಡಿ. ವಿಯೆಟ್ನಾಂ ಸರ್ಕಾರದ್ದಾದರೆ ಅದು "ಗವ್ ಡಾಟ್ ವಿಎನ್" ಎಂದು ಮುಗಿಯುತ್ತದೆ. 25 ಡಾಲರ್ ಆಗಬೇಕಾದ ಕಡೆ 80 ಡಾಲರ್ ಕೇಳಿದರೆ ನೀವು ಏಜೆಂಟರ ಸೈಟಿನಲ್ಲಿದ್ದೀರಿ.

ಅಲ್ಲಿ ನಿಮ್ಮ ಅರ್ಜಿ ತೆಗೆದುಕೊಳ್ಳುತ್ತಾರಾ?

ಇಲ್ಲೇ ಜಾಸ್ತಿ ಜನ ಎಡವುವುದು. ಬ್ಯಾಂಕಾಕ್‌ನಲ್ಲಿ ಒಂದು ದೇಶದ ಎಂಬೆಸಿ ಇದೆ ಎಂದ ಮಾತ್ರಕ್ಕೆ ಅದು ಭಾರತೀಯ ಪ್ರವಾಸಿಯ ಅರ್ಜಿ ತೆಗೆದುಕೊಳ್ಳಬೇಕು ಎಂದೇನಿಲ್ಲ. ಎಷ್ಟೋ ಎಂಬೆಸಿಗಳು ತಾವಿರುವ ದೇಶದ ಜನರಿಗೆ, ಮತ್ತೆ ಅಲ್ಲೇ ಕೆಲಸ ಮಾಡಿಕೊಂಡು ನೆಲೆಸಿರುವವರಿಗೆ ಮಾತ್ರ ವೀಸಾ ಕೊಡುತ್ತವೆ. ಸುಮ್ನೆ ಸುತ್ತಾಡಲು ಬಂದವರನ್ನು "ನಿಮ್ಮ ದೇಶದಲ್ಲೇ ಅರ್ಜಿ ಹಾಕಿ" ಎಂದು ವಾಪಸ್ ಕಳಿಸುತ್ತವೆ.

ಯೂರೋಪಿನ ಷೆಂಗೆನ್ ಗುಂಪಿನ 29 ದೇಶಗಳ ನಿಯಮ ನೋಡಿ. ನೀವು ಕಾನೂನುಬದ್ಧವಾಗಿ ವಾಸವಿರುವ ಕಡೆಯೇ ಅರ್ಜಿ ಹಾಕಬೇಕು. ಬೇರೆ ದೇಶದಲ್ಲಿ ಪ್ರವಾಸಿಯಾಗಿದ್ದಾಗ ಹಾಕಬೇಕೆಂದರೆ, ಅಲ್ಲೇ ಯಾಕೆ ಹಾಕುತ್ತಿದ್ದೀರಿ ಎನ್ನುವುದಕ್ಕೆ ಸರಿಯಾದ ಕಾರಣ ಕೊಟ್ಟು ಅವರನ್ನು ಒಪ್ಪಿಸಬೇಕು. "ಮನಸ್ಸಾಯಿತು" ಎನ್ನುವುದು ಕಾರಣವಾಗುವುದಿಲ್ಲ. ಹಾಗಾಗಿ ಯೂರೋಪಿಗೆ ಹೋಗುವ ಆಸೆಯಿದ್ದರೆ ಬೆಂಗಳೂರಿನಲ್ಲೇ ಮುಗಿಸಿಕೊಂಡು ಹೊರಡಿ. ಪ್ರವಾಸಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಲು ಬಿಡುತ್ತಾರೆ. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕಡಿಮೆ ಎಂದರೆ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು.

ಅಮೆರಿಕ ಇನ್ನೂ ಬಿಗಿ ಮಾಡಿದೆ. ಪ್ರವಾಸಿ ವೀಸಾದ ಸಂದರ್ಶನವನ್ನು ತಮ್ಮ ದೇಶದಲ್ಲಿ ಅಥವಾ ತಾವು ನೆಲೆಸಿರುವ ದೇಶದಲ್ಲೇ ಮಾಡಿಸಿಕೊಳ್ಳಬೇಕು ಎಂದು 2025ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಭಾರತದಲ್ಲಿ ಕಾಯುವುದು ಜಾಸ್ತಿ ಎಂದು ಬ್ಯಾಂಕಾಕ್‌ಗೋ ಸಿಂಗಪುರಕ್ಕೋ ಹೋಗಿ ಮುಗಿಸಿಕೊಂಡು ಬರುತ್ತಿದ್ದವರಿದ್ದರು. ಆ ದಾರಿಯನ್ನು ಈಗ ನಂಬಿಕೊಳ್ಳಬೇಡಿ. ಬ್ರಿಟನ್ ಹಾಗಲ್ಲ. ಅದರ ಪ್ರವಾಸಿ ವೀಸಾಗೆ ಬ್ರಿಟನ್ನಿನ ಹೊರಗೆ ಯಾವ ದೇಶದಲ್ಲಿದ್ದರೂ ಅರ್ಜಿ ಹಾಕಬಹುದು.

ಉಳಿದ ದೇಶಗಳಿಗೆ ಒಂದೇ ದಾರಿ: ಆ ಎಂಬೆಸಿಗೆ ಮೊದಲೇ ಇ-ಮೇಲ್ ಬರೆದು ಕೇಳಿ. ನಾಲ್ಕು ಸಾಲು ಸಾಕು. ನಾನು ಭಾರತೀಯ ಪ್ರಜೆ, ಇಂಥ ದಿನದಿಂದ ಇಂಥ ದಿನದವರೆಗೆ ನಿಮ್ಮ ಊರಿನಲ್ಲಿ ಪ್ರವಾಸಿಯಾಗಿರುತ್ತೇನೆ, ನನ್ನ ಪ್ರವಾಸಿ ವೀಸಾ ಅರ್ಜಿ ತೆಗೆದುಕೊಳ್ಳುತ್ತೀರಾ, ಎಷ್ಟು ದಿನ ಬೇಕು. ಉತ್ತರ ಬಂದರೆ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ನಮ್ಮನ್ನು ಗೇಟಿನಲ್ಲೇ ತಡೆದ ಕಾವಲುಗಾರ ಆ ಪ್ರಿಂಟ್ ನೋಡಿ ಒಳಗೆ ಬಿಟ್ಟರು. ಉತ್ತರ ಬರದಿದ್ದರೆ ಆ ದೇಶವನ್ನು ಪ್ರವಾಸದ ಪಟ್ಟಿಯಲ್ಲಿ "ಆದರೆ ಆಗಲಿ" ಎಂದು ಇಟ್ಟುಕೊಳ್ಳಿ. ಅದಕ್ಕೆ ವಿಮಾನದ ಟಿಕೆಟ್ ಮಾತ್ರ ಮಾಡಿಸಬೇಡಿ.

ಊರು ಬಿಡುವ ಮುಂಚೆ ಮಾಡಿಸಬೇಕಾದ ಕಾಗದ

ಕೌಂಟರಿನ ಆ ಕಡೆ ಕೂತವರಿಗೆ ತಿಳಿಯಬೇಕಾದ್ದು ಎರಡು ವಿಷಯ. ಇವರ ಹತ್ತಿರ ಖರ್ಚಿಗೆ ಸ್ವಂತ ದುಡ್ಡಿದೆಯಾ? ಸುತ್ತಾಡಿದ ಮೇಲೆ ಇವರು ಊರಿಗೆ ವಾಪಸ್ ಹೋಗುತ್ತಾರಾ? ಅರ್ಜಿಯಲ್ಲಿ ಹತ್ತಾರು ಪ್ರಶ್ನೆ ಇದ್ದರೂ ಎಲ್ಲವೂ ಈ ಎರಡಕ್ಕೇ ಬಂದು ನಿಲ್ಲುತ್ತವೆ. ಎರಡಕ್ಕೂ ಉತ್ತರ ಹೇಳುವ ಕಾಗದ ಹುಟ್ಟುವುದು ನಮ್ಮ ಊರಿನಲ್ಲಿ. ಪರದೇಶದಲ್ಲಿ ಕೂತು ಅದನ್ನು ಹುಟ್ಟಿಸಲು ಆಗುವುದಿಲ್ಲ.

ಸಂಬಳದವರಿಗೆ ಇದು ಸುಲಭ. 3 ತಿಂಗಳ ಸಂಬಳದ ಚೀಟಿ, ರಜೆ ಪತ್ರ, ಆದಾಯ ತೆರಿಗೆ ರಿಟರ್ನ್, 6 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಸ್ಟೇಟ್‌ಮೆಂಟನ್ನು ಮೊಬೈಲ್‌ನಿಂದ ತೆಗೆದು ಸುಮ್ಮನಾಗಬೇಡಿ. ಶಾಖೆಗೆ ಹೋಗಿ ಪ್ರತಿ ಪುಟಕ್ಕೂ ಸೀಲು, ಸಹಿ ಹಾಕಿಸಿಕೊಳ್ಳಿ. ಹೊರಡುವ ಹಿಂದಿನ ವಾರ ಯಾರ ಹತ್ತಿರವೋ ಕೈಸಾಲ ತಂದು ಖಾತೆಗೆ ಎರಡು ಲಕ್ಷ ಹಾಕಬೇಡಿ. ಆರು ತಿಂಗಳು ಹತ್ತು ಸಾವಿರದಲ್ಲಿ ಓಡಿದ ಖಾತೆಗೆ ಒಮ್ಮೆಗೇ ಬಂದ ಮೊತ್ತ ಅವರ ಕಣ್ಣಿಗೆ ಮೊದಲು ಬೀಳುತ್ತದೆ.

ರೈತರಿಗೆ ಇನ್ನೂ ಸ್ವಲ್ಪ ಕೆಲಸವಿದೆ. ಅಕ್ಕ ಮಾಡಿದ್ದನ್ನು ಹೇಳುತ್ತೇನೆ. ತೋಟದ ಪಹಣಿ ತೆಗೆಸಿದಳು. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಬಿಟ್ಟಾಗ ಕೊಟ್ಟ ಪಟ್ಟಿಗಳನ್ನು ಎರಡು ವರ್ಷದಿಂದ ಜೋಪಾನ ಮಾಡಿದ್ದಳು. ಆ ದುಡ್ಡು ಖಾತೆಗೇ ಬಂದಿತ್ತು, ಹಾಗಾಗಿ ಪಟ್ಟಿಯ ಮೊತ್ತವೂ ಪಾಸ್‌ಬುಕ್‌ನ ಮೊತ್ತವೂ ತಾಳೆಯಾದವು. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಅವಳು ರಿಟರ್ನ್ ಹಾಕಿರಲಿಲ್ಲ. ಅದರ ಬದಲು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಆಸ್ತಿಯ ಮೌಲ್ಯದ ಪ್ರಮಾಣಪತ್ರ ಮಾಡಿಸಿದಳು. ಪಹಣಿ ಇರುವುದು ಕನ್ನಡದಲ್ಲಿ. ಬ್ಯಾಂಕಾಕ್‌ನಲ್ಲಿ ಕೂತವರಿಗೆ ಅದು ಓದಲು ಬರುತ್ತದಾ? ಅದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ, ನೋಟರಿ ಸೀಲು ಹಾಕಿಸಿದಳು. ಕೌಂಟರಿನವರು ಪಹಣಿಯ ಅನುವಾದ ಓದಿ, "ತೆಂಗಿನ ಮರ ಎಷ್ಟಿದೆ?" ಎಂದು ಕೇಳಿದರು. ಅಕ್ಕ ಲೆಕ್ಕ ಹೇಳಿದಳು. ಊರಿಗೆ ಯಾಕೆ ವಾಪಸ್ ಹೋಗುತ್ತೀರಿ ಎಂದು ಅವರು ಮತ್ತೆ ಕೇಳಲೇ ಇಲ್ಲ.

ಪಾಸ್‌ಪೋರ್ಟನ್ನೂ ಒಮ್ಮೆ ತೆರೆದು ನೋಡಿ. ಹೋಗುವ ದಿನದಿಂದ ಇನ್ನೂ 6 ತಿಂಗಳು ಅವಧಿ ಇರಬೇಕು. ಎಂಬೆಸಿ ವೀಸಾ ಒಂದು ಪುಟವನ್ನೇ ತಿನ್ನುತ್ತದೆ, ಹಾಗಾಗಿ ಪೂರ್ತಿ ಖಾಲಿ ಪುಟ ಎರಡಾದರೂ ಬೇಕು. ಹೊಸದು ಮಾಡಿಸುವವರು, ಓಡಾಟ ಜಾಸ್ತಿ ಇದ್ದರೆ 36 ಪುಟದ್ದರ ಬದಲು 60 ಪುಟದ್ದನ್ನೇ ಕೇಳಿ.

ಫೋಟೊ ಇಲ್ಲೇ ತೆಗೆಸಿಕೊಳ್ಳಿ. ಅಳತೆ ದೇಶಕ್ಕೊಂದು. ಷೆಂಗೆನ್‌ಗೆ 35 ಮಿ.ಮೀ. ಅಗಲ, 45 ಮಿ.ಮೀ. ಉದ್ದ. ಅಮೆರಿಕಕ್ಕೆ ಎರಡು ಇಂಚಿನ ಚೌಕ. ನಾವು ಎಂ.ಜಿ. ರಸ್ತೆಯ ಸ್ಟುಡಿಯೋದಲ್ಲಿ ಬಿಳಿ ಹಿನ್ನೆಲೆ ಇಟ್ಟು ಎರಡು ಅಳತೆಯಲ್ಲಿ ಎಂಟೆಂಟು ಪ್ರತಿ ಮಾಡಿಸಿದೆವು, ಮೊಬೈಲಿಗೂ ಹಾಕಿಸಿಕೊಂಡೆವು.

ಎಲ್ಲದರ ಮೂಲ ಪ್ರತಿ ಅಥವಾ ಸೀಲಿರುವ ಪ್ರತಿ ಕೈಚೀಲದಲ್ಲಿರಲಿ. ಎರಡು ಜೊತೆ ಜೆರಾಕ್ಸ್ ಬೇರೆ ಚೀಲದಲ್ಲಿ. ಸ್ಕ್ಯಾನರ್‌ನಲ್ಲೇ ಮಾಡಿಸಿದ ಪ್ರತಿಗಳು ಇ-ಮೇಲ್‌ನಲ್ಲಿ. ಮನೆಯಲ್ಲಿ ಉಳಿದವರಿಗೆ ಯಾವ ಕಾಗದ ಯಾವ ಫೈಲಿನಲ್ಲಿದೆ ಎಂದು ತೋರಿಸಿ ಬನ್ನಿ.

ಇನಿಷಿಯಲ್ ಎಂಬ ದೊಡ್ಡ ತೊಡಕು

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ತುಂಬಾ ಜನಕ್ಕೆ ಮನೆತನದ ಹೆಸರೇ ಇಲ್ಲ. ಊರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ನಮ್ಮ ಹೆಸರು. ಅಷ್ಟರಲ್ಲೇ ನಾವು ಸೊಗಸಾಗಿ ಬದುಕುತ್ತೇವೆ. ಆದರೆ ಬಹಳಷ್ಟು ವೀಸಾ ಅರ್ಜಿಗಳಲ್ಲಿ ಮೊದಲ ಖಾನೆಯೇ ಸರ್‌ನೇಮ್. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸುವಾಗ ಕೆಲವರು ಅಪ್ಪನ ಹೆಸರನ್ನು ಸರ್‌ನೇಮ್ ಮಾಡುತ್ತಾರೆ, ಕೆಲವರು ಊರಿನ ಹೆಸರನ್ನು, ಇನ್ನು ಕೆಲವರು ಎಲ್ಲವನ್ನೂ ಒಂದೇ ಖಾನೆಯಲ್ಲಿ ಬರೆದು ಸರ್‌ನೇಮ್ ಖಾಲಿ ಬಿಡುತ್ತಾರೆ.

ಖಾಲಿ ಬಿಟ್ಟರೆ ತೊಂದರೆ ತಪ್ಪಿದ್ದಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾ ಇಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಅಮೆರಿಕದ ಅರ್ಜಿಯಲ್ಲಾದರೆ ಇದ್ದ ಒಂದೇ ಹೆಸರನ್ನು ಸರ್‌ನೇಮ್ ಖಾನೆಯಲ್ಲಿ ಬರೆದು, ಇನ್ನೊಂದು ಖಾನೆಯಲ್ಲಿ "ಎಫ್ಎನ್‌ಯು" ಎಂದು ಹಾಕಬೇಕು. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ.

ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರಿಗೆ ನನ್ನ ಕೋರಿಕೆ: ಎರಡೂ ಖಾನೆ ತುಂಬಿಸಿ. ಮಕ್ಕಳದ್ದಾದರೆ ಇನ್ನೂ ಮುಖ್ಯ, ಅವರು ಮುಂದೆ ಓದಲು, ಕೆಲಸಕ್ಕೆ ಎಂದು ಹತ್ತು ಕಡೆ ಅರ್ಜಿ ಹಾಕುವವರು. ಈಗಾಗಲೇ ಇರುವವರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಒಂದು ಅಕ್ಷರವೂ ಬಿಡದೆ, ವೀಸಾ ಅರ್ಜಿ, ವಿಮಾನದ ಟಿಕೆಟ್, ಹೋಟೆಲ್ ಬುಕಿಂಗ್ ಮೂರರಲ್ಲೂ ಬರೆಯಿರಿ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಇದ್ದು ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರಿದ್ದರೆ, ಎರಡೂ ಒಬ್ಬರೇ ಎಂದು ನೋಟರಿ ಹತ್ತಿರ ಇಂಗ್ಲಿಷಿನಲ್ಲಿ ಒಂದು ಅಫಿಡವಿಟ್ ಮಾಡಿಸಿ. ಅಕ್ಕನಿಗೆ ಪಹಣಿಯಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಭಾವನ ಹೆಸರು ಸರ್‌ನೇಮ್. ಆ ಒಂದು ಅಫಿಡವಿಟ್ ಮೂರನ್ನೂ ಕಟ್ಟಿಹಾಕಿತು.

ದುಡ್ಡು ಮತ್ತು ಓಟಿಪಿ

ಶುಲ್ಕವನ್ನು ಕೆಲವು ಕಡೆ ಆನ್‌ಲೈನ್‌ನಲ್ಲೇ ಕಟ್ಟಬೇಕು, ಕೆಲವು ಕಡೆ ನಗದೇ ಬೇಕು. ಕಾರ್ಡಿನಲ್ಲಿ ಕಟ್ಟಲು ಎರಡು ವಿಷಯ ಮುಂಚೆಯೇ ಸರಿ ಮಾಡಿಕೊಳ್ಳಿ. ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿಯೇ ಬರುತ್ತದೆ. ಇದು 2020ರ ಅಕ್ಟೋಬರ್‌ನಿಂದ ಇರುವ ರಿಸರ್ವ್ ಬ್ಯಾಂಕ್ ನಿಯಮ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ. ಓಟಿಪಿ ಬರುವುದು ಊರಿನ ನಂಬರಿಗೆ. ಆ ಸಿಮ್ಮಿಗೆ ರೋಮಿಂಗ್ ಹಾಕಿಸಿ, ಜೊತೆಗೇ ಇಟ್ಟುಕೊಳ್ಳಿ. ಅಲ್ಲಿನ ಸಿಮ್ ಹಾಕಿಕೊಂಡು ಊರಿನ ಸಿಮ್ಮನ್ನು ಎಲ್ಲೋ ಕಳೆದುಕೊಂಡರೆ ಕಾರ್ಡ್ ಇದ್ದೂ ಇಲ್ಲದಂತೆ.

ನಗದಿಗೆ ಡಾಲರ್ ಒಯ್ಯಿರಿ. ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ನೋಟಿನ ರೂಪದಲ್ಲಿ ಒಯ್ಯಬಹುದು. ನೋಟು ಹೊಸದಾಗಿರಲಿ, ಮಡಿಕೆ, ಶಾಯಿ ಗುರುತು ಇರಬಾರದು. ಚಿಲ್ಲರೆಯೂ ಬೇಕು. ಎಷ್ಟೋ ಕಡೆ ಸರಿಯಾದ ಮೊತ್ತವನ್ನೇ ಕೇಳುತ್ತಾರೆ, 100 ಡಾಲರ್ ನೋಟಿಗೆ ವಾಪಸ್ ಕೊಡುವುದಿಲ್ಲ.

ಎಲ್ಲಿದೆ, ಯಾವಾಗ ತೆರೆದಿರುತ್ತೆ

ಎಂಬೆಸಿ ಇರುವುದು ಸಾಮಾನ್ಯವಾಗಿ ರಾಜಧಾನಿಯಲ್ಲಿ. ದೊಡ್ಡ ಊರು ಎಂದು ಟರ್ಕಿಯ ಇಸ್ತಾಂಬುಲ್‌ಗೆ ಹೋದರೆ ಎಂಬೆಸಿ ಅಂಕಾರದಲ್ಲಿರುತ್ತದೆ. ವಿಯೆಟ್ನಾಂನಲ್ಲಿ ಹನೋಯ್. ಉಳಿದ ದೊಡ್ಡ ಊರುಗಳಲ್ಲಿ ಇರುವುದು ಕಾನ್ಸುಲೇಟ್, ಅಂದರೆ ಎಂಬೆಸಿಯ ಕೈಕೆಳಗಿನ ಕಚೇರಿ, ಅದರಲ್ಲಿ ವೀಸಾ ವಿಭಾಗ ಇದೆಯಾ ಎಂದು ಕೇಳಿಕೊಂಡೇ ಹೋಗಿ. ಬ್ರಿಟನ್, ಮಲೇಷ್ಯಾದಂಥ ಕಾಮನ್‌ವೆಲ್ತ್ ದೇಶಗಳು ತಮ್ಮೊಳಗೆ ಎಂಬೆಸಿಯನ್ನು ಹೈಕಮಿಷನ್ ಎಂದು ಕರೆಯುತ್ತವೆ. ಹುಡುಕುವಾಗ ಆ ಹೆಸರೂ ನೆನಪಿರಲಿ.

ಎಂಬೆಸಿಗೆ ಎರಡು ದೇಶದ ಹಬ್ಬಕ್ಕೂ ರಜೆ ಇರುತ್ತದೆ. ತನ್ನ ದೇಶದ್ದೂ ಸರಿ, ತಾನಿರುವ ದೇಶದ್ದೂ ಸರಿ. ನಮ್ಮ ಬೇಸಿಗೆ ರಜೆ ಶುರುವಾಗುವ ಹೊತ್ತಿಗೇ ಥಾಯ್ಲೆಂಡಿನಲ್ಲಿ ಏಪ್ರಿಲ್ 13ರಿಂದ 15ರವರೆಗೆ ಸಾಂಗ್‌ಕ್ರಾನ್ ಹೊಸವರ್ಷ. ಆ ವಾರ ಅಲ್ಲಿ ವೀಸಾ ಕೆಲಸ ಇಟ್ಟುಕೊಳ್ಳಬೇಡಿ. ಅರ್ಜಿ ಕೊಡುವುದು ಬೆಳಿಗ್ಗೆ, ಪಾಸ್‌ಪೋರ್ಟ್ ವಾಪಸ್ ಪಡೆಯುವುದು ಮಧ್ಯಾಹ್ನ ಎನ್ನುವುದು ಬಹಳ ಕಡೆ ಇರುವ ರೂಢಿ. ಸೋಮವಾರ ಕೊಟ್ಟರೆ ಶುಕ್ರವಾರದೊಳಗೆ ಸಿಗುವ ಆಸೆ ಇರುತ್ತದೆ. ಗುರುವಾರ ಕೊಟ್ಟರೆ ವಾರ ದಾಟುತ್ತದೆ.

ಕೌಂಟರಿನ ಮುಂದೆ

ಕಪ್ಪು ಶಾಯಿಯ ಪೆನ್ನು, ಅಂಟು, ಪುಟ್ಟ ಕತ್ತರಿ ಇದ್ದರೆ ಹೋಟೆಲಿನಲ್ಲೇ ಅರ್ಜಿ ಮುಗಿಸಿ. ಇಂಗ್ಲಿಷಿನ ದೊಡ್ಡಕ್ಷರದಲ್ಲಿ (ಕ್ಯಾಪಿಟಲ್) ಬರೆಯಿರಿ. ದಿನಾಂಕದ ಖಾನೆಯಲ್ಲಿ ಮೊದಲು ತಿಂಗಳೋ ದಿನವೋ ನೋಡಿ. ಯಾವ ಖಾನೆಯನ್ನೂ ಖಾಲಿ ಬಿಡಬೇಡಿ. ನಿಮಗೆ ಸಂಬಂಧವಿಲ್ಲದ ಪ್ರಶ್ನೆಗೆ "ಅನ್ವಯಿಸುವುದಿಲ್ಲ" ಎಂಬ ಅರ್ಥದ ಇಂಗ್ಲಿಷ್ ಗುರುತು "N/A" ಹಾಕಿ. ಮೊದಲು ಎಲ್ಲಾದರೂ ವೀಸಾ ನಿರಾಕರಿಸಿದ್ದಾರಾ ಎಂದು ಕೇಳಿದರೆ ಇದ್ದದ್ದು ಇದ್ದ ಹಾಗೇ ಬರೆಯಿರಿ. ನಿರಾಕರಣೆ ಅಷ್ಟು ದೊಡ್ಡ ತಪ್ಪಲ್ಲ, ಅದನ್ನು ಮುಚ್ಚಿಡುವುದು ದೊಡ್ಡ ತಪ್ಪು.

ದೊಡ್ಡ ಚೀಲ ಒಯ್ಯಬೇಡಿ. ಕೆಲವು ಎಂಬೆಸಿಗಳಲ್ಲಿ ಮೊಬೈಲನ್ನೂ ಒಳಗೆ ಬಿಡುವುದಿಲ್ಲ. ಮೊಬೈಲ್‌ನಲ್ಲಿದೆ ಎಂದುಕೊಂಡ ಟಿಕೆಟ್, ಹೋಟೆಲ್ ಬುಕಿಂಗ್ ಆಗ ಕೈಗೆ ಸಿಗುವುದಿಲ್ಲ. ಎಲ್ಲವೂ ಪ್ರಿಂಟ್ ಆಗಿರಲಿ.

ಮಾತಾಡುವಾಗ ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಇಂಗ್ಲಿಷ್ ಬರುವುದಿಲ್ಲ ಎಂದು ಅಕ್ಕ ಹಿಂದಿನ ರಾತ್ರಿ ನಿದ್ದೆಯನ್ನೇ ಮಾಡಿರಲಿಲ್ಲ. "ನೀನೇ ಹೇಳೇ, ನಂಗೆ ಬಾಯೇ ಬರಲ್ಲ" ಅಂದಳು. ಎಷ್ಟು ದಿನ, ಎಲ್ಲಿ ಇಳಿದುಕೊಳ್ಳುವುದು, ಯಾರ ದುಡ್ಡು, ಯಾವಾಗ ವಾಪಸ್ — ಈ ನಾಲ್ಕಕ್ಕೂ ಒಂದೊಂದೇ ವಾಕ್ಯ ಕಲಿಸಿದೆ. ಅಷ್ಟನ್ನೇ ಅವರು ಕೇಳಿದ್ದು.

ಪಾಸ್‌ಪೋರ್ಟ್ ಒಳಗಿರುವ ದಿನಗಳು

ಅರ್ಜಿ ತೆಗೆದುಕೊಂಡ ಮೇಲೆ ಪಾಸ್‌ಪೋರ್ಟ್ ಅವರ ಹತ್ತಿರವೇ ಇರುತ್ತದೆ. ರಸೀದಿಯನ್ನು ಕಣ್ಣಿನ ಹಾಗೆ ಕಾಪಾಡಿ. ಕೊಡುವ ಮುಂಚೆ ಫೋಟೊ ಇರುವ ಪುಟ, ಕೊನೆಯ ಪುಟ, ಮತ್ತೆ ಆ ದೇಶಕ್ಕೆ ಬಂದಾಗ ಒತ್ತಿದ ಸೀಲಿನ ಪುಟ ಜೆರಾಕ್ಸ್ ಮಾಡಿಸಿ. ಹೋಟೆಲ್ ಬದಲಿಸಬೇಕಾದರೆ ಪಾಸ್‌ಪೋರ್ಟ್ ಕೇಳುತ್ತಾರೆ, ವಿಮಾನ ಹತ್ತುವಾಗ ಕೇಳುತ್ತಾರೆ, ಡಾಲರ್ ಬದಲಿಸುವಲ್ಲೂ ಕೇಳುತ್ತಾರೆ. ಹಾಗಾಗಿ ಆ ದಿನಗಳು ಒಂದೇ ಹೋಟೆಲಿನಲ್ಲಿರಿ, ಖರ್ಚಿನ ದುಡ್ಡನ್ನು ಮೊದಲೇ ಬದಲಿಸಿಕೊಳ್ಳಿ.

ಮರೆಯಬಾರದ್ದು ಸೀಲಿನ ಮೇಲಿನ ದಿನಾಂಕ. ಎಂಬೆಸಿ ತಡ ಮಾಡಿದರೂ ನೀವಿರುವ ದೇಶದ ಗಡುವು ನಿಲ್ಲುವುದಿಲ್ಲ. ಥಾಯ್ಲೆಂಡಿನಲ್ಲಿ ಗಡುವು ಮೀರಿದರೆ ದಿನಕ್ಕೆ 500 ಬಾತ್ ದಂಡ, 20,000 ಬಾತ್‌ವರೆಗೆ ಹೋಗುತ್ತದೆ. 1,900 ಬಾತ್ ಕಟ್ಟಿ ವಾಸ್ತವ್ಯ ವಿಸ್ತರಿಸಿಕೊಳ್ಳಬಹುದು, ಆದರೆ ಅದಕ್ಕೂ ಪಾಸ್‌ಪೋರ್ಟ್ ಕೈಯಲ್ಲಿರಬೇಕಲ್ವಾ? ಅರ್ಜಿ ಹಾಕುವ ದಿನ ನಿಮಗೆ ಅಲ್ಲಿ ಕನಿಷ್ಠ ಎರಡು ವಾರ ಉಳಿದಿರಲಿ.

ಪಾಸ್‌ಪೋರ್ಟ್ ಕಳೆದುಹೋದರೆ ಪೊಲೀಸ್ ದೂರು ಕೊಟ್ಟು ಭಾರತದ ಎಂಬೆಸಿಗೆ ಹೋಗಿ. ಅವರು ಕೊಡುವ ತುರ್ತು ಪ್ರಮಾಣಪತ್ರದಿಂದ ಭಾರತಕ್ಕೆ ಮಾತ್ರ ವಾಪಸ್ ಬರಬಹುದು. ಪ್ರವಾಸ ಅಲ್ಲಿಗೆ ಮುಗಿದಂತೆ. ವೀಸಾ ನಿರಾಕರಿಸಿದರೆ ಕಾರಣ ಬರೆದ ಚೀಟಿ ಕೇಳಿ ತೆಗೆದುಕೊಳ್ಳಿ. ಕಾರಣ ಸರಿಯಾಗದೆ ಅದೇ ಕಾಗದ ಹಿಡಿದು ಮಾರನೆಯ ದಿನ ಮತ್ತೆ ಹೋದರೆ ಶುಲ್ಕ ಮಾತ್ರ ಹೋಗುತ್ತದೆ.

ವೀಸಾ ಸಿಕ್ಕಿದ ಕೂಡಲೇ

ಖುಷಿಯಲ್ಲಿ ಹೊರಗೆ ಓಡಬೇಡಿ. ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ. ಹೆಸರು, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ. ಒಂದು ಸಲದ ಪ್ರವೇಶವೋ ಹಲವು ಸಲದ್ದೋ. ಆಮೇಲೆ ಎರಡು ಬೇರೆ ಬೇರೆ ಲೆಕ್ಕ: ಯಾವ ತಾರೀಖಿನೊಳಗೆ ಆ ದೇಶಕ್ಕೆ ಕಾಲಿಡಬೇಕು, ಕಾಲಿಟ್ಟ ಮೇಲೆ ಎಷ್ಟು ದಿನ ಇರಬಹುದು. ವೀಸಾ ಮೂರು ತಿಂಗಳು ಚಾಲ್ತಿಯಲ್ಲಿದ್ದರೂ ಇರಲು ಬಿಡುವುದು 15 ದಿನ ಮಾತ್ರ ಆಗಿರಬಹುದು.

ಶುಕ್ರವಾರ ಮಧ್ಯಾಹ್ನ ನಮ್ಮಿಬ್ಬರ ಪಾಸ್‌ಪೋರ್ಟ್ ಕೈಗೆ ಬಂತು. ನನ್ನದು ಸರಿಯಿತ್ತು. ಅಕ್ಕನ ವೀಸಾದಲ್ಲಿ ಹುಟ್ಟಿದ ವರ್ಷದ ಕೊನೆಯ ಅಂಕಿ ತಪ್ಪಾಗಿತ್ತು. ಗಾಜಿನ ಕಿಂಡಿಯಲ್ಲಿ ತೋರಿಸಿದೆವು. ಅವರು ಕ್ಷಮೆ ಕೇಳಿ ಒಳಗೆ ಒಯ್ದರು. ಇಪ್ಪತ್ತು ನಿಮಿಷಕ್ಕೆ ಹೊಸ ವೀಸಾ ಅಂಟಿಸಿ ಕೊಟ್ಟರು. ನಾವು ಹೊರಗೆ ಬರುವಾಗ ಹಿಂದಿನಿಂದ ಕಿಂಡಿಯ ಪರದೆ ಎಳೆಯುತ್ತಿದ್ದರು. ಮತ್ತೆ ತೆರೆಯುವುದು ಸೋಮವಾರ.